ಯಂತ್ರಕ್ಕೆ ನೆಂಟರಿಷ್ಟರಿಲ್ಲ ಎನ್ನುವ ಮಾತು ಎಷ್ಟು ನಿಜ?

ನೀಲಿಶಾಯಿ:
ಕೆಲಸಕ್ಕೆ ಆಯ್ಕೆ, ಸಾಲ ಮಂಜೂರಾತಿ, ಜಾಮೀನು ಇಂಥವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿಬಿಡಬೇಕು ಎಂದು ವಾದಿಸುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: ಯಂತ್ರಕ್ಕೆ ನೆಂಟರಿಲ್ಲ, ಇಷ್ಟರಿಲ್ಲ, ಹೊಟ್ಟೆಕಿಚ್ಚಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಯಂತ್ರವೇನು ತಾನಾಗಿ ಹುಟ್ಟಿ ಬಂದದ್ದಲ್ಲವಲ್ಲ.

ಅಮೆಜಾನ್ ಕಂಪನಿ 2014ರಲ್ಲಿ ಉದ್ಯೋಗದ ಅರ್ಜಿಗಳಿಗೆ ಅಂಕ ಕೊಡುವ ತಂತ್ರಾಂಶವೊಂದನ್ನು ಕಟ್ಟಲು ಹೊರಟಿತು. ಹಿಂದಿನ 10 ವರ್ಷಗಳಲ್ಲಿ ಕಂಪನಿಗೆ ಬಂದ ಅರ್ಜಿಗಳನ್ನು ಅದಕ್ಕೆ ಉಣಿಸಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ತಂತ್ರಾಂಶ ಪಾಠವನ್ನು ಚೆನ್ನಾಗಿಯೇ ಕಲಿಯಿತು. ‘ಮಹಿಳಾ ಚೆಸ್ ಕ್ಲಬ್‌ನ ನಾಯಕಿ’ ಎಂಬಂಥ ಸಾಲು ಕಂಡರೆ ಅಂಕ ಕಡಿತ. ಹೆಣ್ಣುಮಕ್ಕಳಿಗೆಂದೇ ಇರುವ ಎರಡು ಕಾಲೇಜುಗಳ ಪದವೀಧರರಿಗೂ ಅದೇ ಗತಿ. 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದನ್ನು ಹೊರಗೆ ತಂದಾಗ ಕಂಪನಿ ಯೋಜನೆಯನ್ನು ಕೈಬಿಟ್ಟಾಗಿತ್ತು. ಹೆಂಗಸರನ್ನು ಕೆಳಗಿಡು ಎಂದು ಅದಕ್ಕೆ ಯಾರೂ ಆದೇಶ ಕೊಟ್ಟಿರಲಿಲ್ಲ. ಹಳೆಯ ಕಡತಗಳೇ ಸಾಕಾದವು.

ನನ್ನ ವಾದ ಇಷ್ಟೇ: ಮಾಡಿದವರ ಓರೆಕೋರೆ ಮಾಡಿದ ವಸ್ತುವಿನೊಳಗೆ ಉಳಿದುಕೊಳ್ಳುತ್ತದೆ, ಅದೂ ಯಾರ ಕಣ್ಣಿಗೂ ಬೀಳದ ಹಾಗೆ. ಒಪ್ಪದವರು ಬನ್ನಿ, ವಾದಿಸೋಣ.

ಸೊನ್ನೆಒಂದು:
ತಂತ್ರಾಂಶ ಬರೆಯುವುದು ನನ್ನ ಹೊಟ್ಟೆಪಾಡು. ಪ್ರತಿವಾದಿಯ ಜಾಗ ನನಗೇ ಇರಲಿ.

ನಿಮ್ಮ ಉದಾಹರಣೆಯಲ್ಲೇ ಒಂದು ಸಂಗತಿಯನ್ನು ಬೇಗ ದಾಟಿಬಿಟ್ಟಿರಿ. ಆ ಪಕ್ಷಪಾತ ಸಿಕ್ಕಿಬಿದ್ದದ್ದು ಹೇಗೆ? ಎಂಜಿನಿಯರುಗಳು ತಂತ್ರಾಂಶವನ್ನು ಬಿಚ್ಚಿ ಯಾವ ಪದಕ್ಕೆ ಎಷ್ಟು ತೂಕ ಬಿದ್ದಿದೆ ಎಂದು ನೋಡಬಲ್ಲವರಾಗಿದ್ದರು. ಸಂದರ್ಶನ ಮಾಡುವ ಮನುಷ್ಯನ ತಲೆಯನ್ನು ಹಾಗೆ ಬಿಚ್ಚಿ ನೋಡಲು ಬರುತ್ತದೆಯೇ? ಅವನು ಹತ್ತು ವರ್ಷ ಹೆಣ್ಣುಮಕ್ಕಳನ್ನು ತಿರಸ್ಕರಿಸುತ್ತಲೇ ಇದ್ದರೂ ‘ನಮ್ಮ ತಂಡಕ್ಕೆ ಹೊಂದುವುದಿಲ್ಲ ಅನ್ನಿಸಿತು’ ಎಂಬ ಒಂದು ವಾಕ್ಯದಲ್ಲಿ ಪಾರಾಗುತ್ತಾನೆ. ಯಂತ್ರ ಕನಿಷ್ಠ ಪಕ್ಷ ಲೆಕ್ಕ ಒಪ್ಪಿಸುತ್ತದೆ.

ಇನ್ನೊಂದು, ಪಕ್ಷಪಾತ ಬೇರೆ, ದೋಷ ಬೇರೆ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳವನ್ನು ತಲುಪುವಾಗ ಕಳೆದುಹೋಯಿತು. ಒಂದು ತಂಡದ ತಂತ್ರಾಂಶ ಬಲದ ಲೆಕ್ಕವನ್ನು ಪೌಂಡ್‌ಗಳಲ್ಲಿ ಕೊಡುತ್ತಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದುಕೊಂಡು ಓದುತ್ತಿತ್ತು. 1996ರ ಜೂನ್ 4ರಂದು ಮೊದಲ ಅರಿಯಾನ್ 5 ರಾಕೆಟ್ ಹಾರಿ 40 ಸೆಕೆಂಡಿನೊಳಗೆ ನಾಶವಾಯಿತು. 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ನ ಜಾಗಕ್ಕೆ ತುರುಕಲು ಹೋಗಿದ್ದೇ ಕಾರಣ. ಇವುಗಳಲ್ಲಿ ಯಾರ ಮೇಲೆ ಯಾರಿಗೆ ಪೂರ್ವಗ್ರಹ? ಪಕ್ಷಪಾತ ಎಂಬ ಒಂದೇ ಹಣೆಪಟ್ಟಿಯನ್ನು ಎಲ್ಲಕ್ಕೂ ಅಂಟಿಸಿದರೆ ಸರಿಪಡಿಸುವವನಿಗೆ ಎಲ್ಲಿ ಕೈ ಹಾಕಬೇಕೆಂದೇ ತಿಳಿಯುವುದಿಲ್ಲ.

ಅಡ್ಡಮಾತು:
ಸೊನ್ನೆಒಂದು ಅವರಿಗೆ ನನ್ನದೊಂದು ಮತ. ಈಗಿನ ದಿನಗಳಲ್ಲಿ ಬಾಗಿಲ ಚಿಲಕಕ್ಕೂ ಪೂರ್ವಗ್ರಹ, ಸ್ವಿಚ್ಚಿಗೂ ಪೂರ್ವಗ್ರಹ. ಕಬ್ಬಿಣಕ್ಕೆ ಏನು ಅಭಿಪ್ರಾಯ ಇದ್ದೀತು?

ಹಳೇಸ್ಪ್ಯಾನರ್:
ಅಡ್ಡಮಾತು ಅವರೇ, ನೀವು ತಮಾಷೆಗೆ ಕೇಳಿದ್ದಕ್ಕೆ ನಿಜವಾದ ಉತ್ತರವೇ ಇದೆ. ವಿಮಾನಗಳ ದುರಸ್ತಿಯಲ್ಲಿ ಕೂದಲು ನರೆಸಿಕೊಂಡವನು ನಾನು, ಸ್ವಿಚ್ಚಿನ ಕಥೆಯನ್ನು ನನ್ನಿಂದಲೇ ಕೇಳಿ.

ಎರಡನೆಯ ಮಹಾಯುದ್ಧದಲ್ಲಿ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ಇಳಿದ ಮೇಲೆ ರನ್‌ವೇಯಲ್ಲೇ ಹೊಟ್ಟೆಯ ಮೇಲೆ ಕುಸಿದು ಕೂರುತ್ತಿದ್ದವು. ಇಳಿದಾದ ಮೇಲೆ ರೆಕ್ಕೆಯ ಹಿಂಬದಿಯಲ್ಲಿ ಚಾಚಿಕೊಳ್ಳುವ ಹಲಗೆಗಳಾದ ಫ್ಲ್ಯಾಪ್‌ಗಳನ್ನು ಒಳಗೆಳೆಯಬೇಕು. ಪೈಲಟ್‌ಗಳು ಅದರ ಬದಲು ಚಕ್ರಗಳನ್ನು ಒಳಗೆಳೆದುಬಿಡುತ್ತಿದ್ದರು. ವರದಿಯಲ್ಲಿ ಬರೆಯುತ್ತಿದ್ದದ್ದು ಒಂದೇ: ಪೈಲಟ್‌ನ ತಪ್ಪು. ಆಲ್ಫನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್‌ಗೆ ಹೋಗಿ ನೋಡಿದ. ಚಕ್ರದ ಸ್ವಿಚ್ಚು, ಫ್ಲ್ಯಾಪಿನ ಸ್ವಿಚ್ಚು ಅಕ್ಕಪಕ್ಕ. ಎರಡೂ ನೋಡಲು ಒಂದೇ ಥರ, ಮುಟ್ಟಿದರೂ ಒಂದೇ ಥರ. ಹತ್ತಾರು ಗಂಟೆ ನಿದ್ದೆಯಿಲ್ಲದೆ, ಗುಂಡು ತಪ್ಪಿಸಿಕೊಂಡು ಬಂದವನ ಕೈ ಕತ್ತಲಲ್ಲಿ ಯಾವುದನ್ನು ಹಿಡಿಯಬೇಕು? ಇವೆರಡನ್ನು ಬೇರೆ ಬೇರೆ ಜಾಗದಲ್ಲಿಟ್ಟಿದ್ದ ಬೇರೆ ಮಾದರಿಯ ವಿಮಾನಗಳಲ್ಲಿ ಈ ‘ಪೈಲಟ್‌ನ ತಪ್ಪು’ ಇರಲೇ ಇಲ್ಲ. ಚಪಾನಿಸ್ ಮಾಡಿಸಿದ್ದು ಬಹಳ ಸಣ್ಣ ಕೆಲಸ. ಚಕ್ರದ ಹಿಡಿಗೆ ಒಂದು ರಬ್ಬರ್ ಚಕ್ರ, ಫ್ಲ್ಯಾಪಿನ ಹಿಡಿಗೆ ಬೆಣೆಯಾಕಾರದ ತುಂಡು. ಇವತ್ತಿಗೂ ವಿಮಾನದ ಲ್ಯಾಂಡಿಂಗ್ ಗೇರ್ ಹಿಡಿಯ ತುದಿಯಲ್ಲಿ ಚಕ್ರದ ಆಕಾರ ಇರುತ್ತದೆ. ನಾನೇ ಎಷ್ಟನ್ನು ಬಿಚ್ಚಿ ಜೋಡಿಸಿದ್ದೇನೋ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥ 460 ‘ಪೈಲಟ್ ತಪ್ಪು’ಗಳನ್ನು ಸಂಗ್ರಹಿಸಿ ಕೂತು ವಿಂಗಡಿಸಿದರು. ಅದೇ ಬಗೆಯ ತಪ್ಪುಗಳು ಮತ್ತೆ ಮತ್ತೆ ಬಂದವು. ಮುಂದೆ ಬಂದ ಪೈಲಟ್‌ಗಳಿಗೂ ಆ ಹಿಡಿಗಳ ಮುಂದೆ ಅದೇ ಎಡವಟ್ಟು ಕಾದಿತ್ತು ಎಂದಾಯಿತಲ್ಲ.

ಇನ್ನು ಆಸನ. ಅಮೆರಿಕದ ವಾಯುಪಡೆ ‘ಸರಾಸರಿ ಪೈಲಟ್’ನ ಅಳತೆಗೆ ಕಾಕ್‌ಪಿಟ್ ಕಟ್ಟುತ್ತಿತ್ತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ 1950ರ ಸುಮಾರಿಗೆ 4063 ಪೈಲಟ್‌ಗಳ ಅಳತೆಗಳನ್ನು ತೆಗೆದುಕೊಂಡು 10 ಮುಖ್ಯ ಅಳತೆಗಳಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಜನ ಎಂದು ಲೆಕ್ಕ ಹಾಕಿದ. ಒಬ್ಬನೂ ಇಲ್ಲ. ಹುಟ್ಟಿಯೇ ಇಲ್ಲದ ಮನುಷ್ಯನಿಗಾಗಿ ಕಾಕ್‌ಪಿಟ್ ಕಟ್ಟಿ, ಹುಟ್ಟಿದವರನ್ನು ಅದರೊಳಗೆ ಕೂರಿಸಿ, ಬಿದ್ದಾಗ ಅವರನ್ನೇ ಬೈಯುತ್ತಿದ್ದರು. ಹಿಂದೆ ಮುಂದೆ ಸರಿಯುವ ಆಸನ, ಪೆಡಲ್ ಎಲ್ಲ ಆಮೇಲೆ ಬಂದವು. ಕಬ್ಬಿಣಕ್ಕೆ ಅಭಿಪ್ರಾಯ ಇಲ್ಲ ಸ್ವಾಮಿ, ಅದನ್ನು ಬಗ್ಗಿಸಿದವನಿಗೆ ಇರುತ್ತದೆ.

ಅಡ್ಡಮಾತು:
ಸ್ಪ್ಯಾನರ್ ಸರ್, ಕಥೆ ಚೆನ್ನಾಗಿದೆ. ಆದರೆ ಇದು ಸೊನ್ನೆಒಂದು ಅವರ ಮಾತಿಗೇ ಬಲ ಕೊಡುತ್ತದೆ. ಅಲ್ಲಿದ್ದದ್ದು ಅಜಾಗ್ರತೆ, ದ್ವೇಷವಲ್ಲ.

ನೀಲಿಶಾಯಿ:
ದ್ವೇಷ ಇರಲೇಬೇಕು ಎಂದು ನಾನು ಎಲ್ಲಿ ಹೇಳಿದೆ? ಸೊನ್ನೆಒಂದು ಅವರೇ ಕೊಟ್ಟ ಅರಿಯಾನ್ ಉದಾಹರಣೆಯನ್ನೇ ನೋಡಿ. ಆ ಸಂಖ್ಯೆ ಉಕ್ಕಿದರೆ ಏನು ಮಾಡಬೇಕು ಎಂಬ ಕಾವಲನ್ನು ಏಕೆ ಇಡಲಿಲ್ಲ? ತಂತ್ರಾಂಶ ಅರಿಯಾನ್ 4ರಿಂದ ಬಂದದ್ದು, ಅಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗಲು ಸಾಧ್ಯವೇ ಇರಲಿಲ್ಲ. ‘ಇಲ್ಲಿಯವರೆಗೆ ಆಗಿಲ್ಲ, ಮುಂದೆಯೂ ಆಗದು.’ ಇನ್ನೂ ಸ್ವಾರಸ್ಯ ಏನೆಂದರೆ, ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕದ ಅಗತ್ಯವೇ ಅರಿಯಾನ್ 5ಕ್ಕೆ ಇರಲಿಲ್ಲ. ಹಳೆಯದರಲ್ಲಿ ಇತ್ತೆಂದು ಹಾಗೇ ಬಿಟ್ಟಿದ್ದರು. ಮಂಗಳದ ನೌಕೆಯ ವಿಷಯವೂ ಅಷ್ಟೇ. ದಾರಿ ಸ್ವಲ್ಪ ಸರಿಯುತ್ತಿದೆ ಎಂಬ ಅನುಮಾನ ಪಥ ನೋಡಿಕೊಳ್ಳುವವರಿಗೆ ಮೊದಲೇ ಬಂದಿತ್ತು. ಅದು ಕೇಳಬೇಕಾದವರ ಕಿವಿಗೆ ತಕ್ಕ ಗಾಂಭೀರ್ಯದಲ್ಲಿ ತಲುಪಲಿಲ್ಲ. ಹಿಂದಿನ ಯಶಸ್ಸಿನ ಮೇಲಿನ ಅತಿನಂಬಿಕೆ ಒಂದು ಪೂರ್ವಗ್ರಹವೇ. ದೋಷ ಒಳಕ್ಕೆ ನುಗ್ಗುವ ಬಾಗಿಲನ್ನು ತೆರೆದಿಡುವುದೇ ಅದು.

ಗುಣಾಕಾರ:
ಸರಾಸರಿಯ ವಿಷಯ ಬಂದದ್ದರಿಂದ ಬಾಯಿ ಹಾಕುತ್ತಿದ್ದೇನೆ, ಅಂಕಿಅಂಶ ನನ್ನ ಕಸುಬು. ಕಾರುಗಳ ಅಪಘಾತ ಪರೀಕ್ಷೆಗೆ ಬಳಸುವ ಗೊಂಬೆಯನ್ನು ನೋಡಿ. 1970ರ ದಶಕದಲ್ಲಿ ಬಂದು ದಶಕಗಳ ಕಾಲ ಮಾನದಂಡವಾಗಿದ್ದ ಹೈಬ್ರಿಡ್ 3 ಗೊಂಬೆ ಮಧ್ಯಮ ಗಾತ್ರದ ಗಂಡಸಿನದು, ತೂಕ ಸುಮಾರು 78 ಕಿಲೋ. ಹೆಂಗಸಿನ ಗೊಂಬೆ ಎಂದು ಬಳಕೆಗೆ ಬಂದದ್ದು ಬಹುಪಾಲು ಗಂಡಸಿನ ಗೊಂಬೆಯನ್ನೇ 49 ಕಿಲೋ ಆಸುಪಾಸಿಗೆ ಕುಗ್ಗಿಸಿದ್ದು. ಸೀಟ್ ಬೆಲ್ಟ್ ಹಾಕಿಕೊಂಡ ಚಾಲಕಿಯರಿಗೆ ಅಂಥದೇ ಅಪಘಾತದಲ್ಲಿ ತೀವ್ರ ಗಾಯವಾಗುವ ಸಂಭವ ಚಾಲಕರಿಗಿಂತ 47 ಶೇಕಡಾ ಹೆಚ್ಚು ಎಂದು 2011ರ ಅಮೆರಿಕದ ಅಧ್ಯಯನವೊಂದು ಹೇಳಿತು.

ಅಡ್ಡಮಾತು:
ಆ 47ರ ಲೆಕ್ಕವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. 2021ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯ ಸಂಶೋಧಕರು ಏನು ಕಂಡುಕೊಂಡರು ಎಂಬುದನ್ನೂ ಹೇಳಿ. ಹೆಂಗಸರು ಸಣ್ಣ, ಹಗುರ ಕಾರುಗಳನ್ನು ಓಡಿಸುವುದು ಹೆಚ್ಚು. ಒಂದೇ ರೀತಿಯ ಕಾರು, ಒಂದೇ ರೀತಿಯ ಡಿಕ್ಕಿಗಳನ್ನು ಮಾತ್ರ ಹೋಲಿಸಿದಾಗ ಅಂತರದ ದೊಡ್ಡ ಭಾಗ ಕರಗಿಹೋಯಿತು.

ಗುಣಾಕಾರ:
ಸರಿ, ಅದು ನ್ಯಾಯವಾದ ಆಕ್ಷೇಪ. ದೊಡ್ಡ ಭಾಗ ಕರಗಿತು, ಪೂರ್ತಿ ಕರಗಲಿಲ್ಲ. ಕಾಲಿನ ಗಾಯಗಳಲ್ಲಿ ಅಂತರ ಉಳಿಯಿತು. ಗಂಡಸಿನ ಕಾಲನ್ನು ಕುಗ್ಗಿಸಿದರೆ ಹೆಂಗಸಿನ ಕಾಲು ಆಗುವುದಿಲ್ಲ ಎಂಬುದಕ್ಕೆ ಅದೇ ಸಾಕು.

ರಾತ್ರಿಪಾಳಿ:
ನೀವೆಲ್ಲ ಕಾರು, ರಾಕೆಟ್ ಎನ್ನುತ್ತಿದ್ದೀರಿ. ನಾನು ತೀವ್ರ ನಿಗಾ ಘಟಕದ ದಾದಿ. ನನ್ನ ಕೈಗೆ ದಿನವೂ ಸಿಗುವ ಒಂದು ಸಣ್ಣ ಉಪಕರಣದ ಬಗ್ಗೆ ಹೇಳುತ್ತೇನೆ.

ಪಲ್ಸ್ ಆಕ್ಸಿಮೀಟರನ್ನು ನೀವೆಲ್ಲ ಕಂಡಿದ್ದೀರಿ, ಬೆರಳಿಗೆ ಕಚ್ಚಿಸುವ ಕ್ಲಿಪ್ಪು. ಒಂದು ಬದಿಯಿಂದ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬೆರಳನ್ನು ದಾಟುತ್ತವೆ, ಇನ್ನೊಂದು ಬದಿಯಲ್ಲಿ ಎಷ್ಟು ಉಳಿಯಿತು ಎಂದು ಅಳೆಯುತ್ತದೆ. ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಆ ವ್ಯತ್ಯಾಸದಿಂದ ಲೆಕ್ಕ. ಆದರೆ ಬೆಳಕನ್ನು ಚರ್ಮದ ಬಣ್ಣವೂ ಹೀರುತ್ತದಲ್ಲ. ಉಪಕರಣವನ್ನು ಹದಗೊಳಿಸುವಾಗ ಆರೋಗ್ಯವಂತ ಸ್ವಯಂಸೇವಕರ ಆಮ್ಲಜನಕವನ್ನು ಬೇಕೆಂದೇ ಇಳಿಸಿ, ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಉಪಕರಣದ ಅಂಕಿಯನ್ನು ಹೊಂದಿಸುತ್ತಾರೆ. ಆ ಸ್ವಯಂಸೇವಕರಲ್ಲಿ ತಿಳಿ ಚರ್ಮದವರೇ ಹೆಚ್ಚು. ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಕೊಟ್ಟ ಮಾರ್ಗಸೂಚಿ ಕೇಳಿದ್ದು ಇಷ್ಟು: ಕಡು ಬಣ್ಣದವರು ಕನಿಷ್ಠ ಇಬ್ಬರು, ಇಲ್ಲವೇ 15 ಶೇಕಡಾ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಇಬ್ಬರು!

ಪರದೆಯ ಮೇಲೆ ರಕ್ತದ ಆಮ್ಲಜನಕ ನೂರಕ್ಕೆ 94 ಎಂದಿರುತ್ತದೆ. ರೋಗಿ ಮಾತನಾಡುವಾಗ ವಾಕ್ಯದ ಮಧ್ಯೆ ಉಸಿರಿಗಾಗಿ ನಿಲ್ಲುತ್ತಾನೆ, ಕತ್ತಿನ ಸ್ನಾಯುಗಳು ಸೆಳೆಯುತ್ತಿರುತ್ತವೆ. ಬೆರಳು ತಣ್ಣಗಿದೆಯೇ ಎಂದು ಉಜ್ಜಿ, ಕ್ಲಿಪ್ಪನ್ನು ಇನ್ನೊಂದು ಬೆರಳಿಗೆ ಬದಲಿಸುತ್ತೇನೆ. ಆಗಲೂ 94. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಕಳಿಸಿದರೆ 87 ಎಂದು ಬರುತ್ತದೆ. ಇಂಥದ್ದು ಒಮ್ಮೆ ನಡೆದರೆ ದಾದಿಯರ ನಡುವಿನ ಮಾತು, ಅಷ್ಟೇ. 2020ರ ಡಿಸೆಂಬರಿನಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಂಕಿಗಳು ಬಂದವು. ಉಪಕರಣ 92ರಿಂದ 96 ತೋರಿಸುತ್ತಿದ್ದಾಗ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ 3.6 ಶೇಕಡಾ, ಕಪ್ಪು ವರ್ಣೀಯರಲ್ಲಿ 11.7 ಶೇಕಡಾ.

ಅದನ್ನು ಮಾಡಿದವರು ಯಾರನ್ನೂ ದ್ವೇಷಿಸಿದವರಲ್ಲ. ಎಷ್ಟೋ ಜೀವ ಉಳಿಸಿದ ಉಪಕರಣ ಅದು, ನಾನೇ ಸಾಕ್ಷಿ. ಆದರೂ ಇದು ದೋಷವೋ ಪಕ್ಷಪಾತವೋ ಎಂದು ನೀವು ತೀರ್ಮಾನಿಸುವವರೆಗೆ ಆ ರೋಗಿ ಕಾಯುವುದಿಲ್ಲ.

ಸೊನ್ನೆಒಂದು:
ರಾತ್ರಿಪಾಳಿ ಮೇಡಂ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ವಿಂಗಡಣೆ ಬೇಕು ಎನ್ನುವುದನ್ನು ನಾನು ಬಿಡುವುದಿಲ್ಲ. ದತ್ತಾಂಶದಲ್ಲಿ ಜನ ಬಿಟ್ಟುಹೋಗಿದ್ದರೆ ಔಷಧ ಬೇರೆ: ಇನ್ನಷ್ಟು ಜನರನ್ನು ಸೇರಿಸಿ ಮತ್ತೆ ಹದಗೊಳಿಸಬೇಕು. 2018ರಲ್ಲಿ ಜಾಯ್ ಬುವೊಲಾಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ತಂತ್ರಾಂಶಗಳನ್ನು ಪರೀಕ್ಷಿಸಿದರು. ತಿಳಿ ಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ 0.8 ಶೇಕಡಾ, ಕಡು ಬಣ್ಣದ ಹೆಂಗಸರಲ್ಲಿ 34.7 ಶೇಕಡಾದವರೆಗೆ. ಹೆಸರು ಹೊರಬಂದ ಕಂಪನಿಗಳು ಮರುವರ್ಷ ಪ್ರಕಟವಾದ ಮರುಪರೀಕ್ಷೆಯ ಹೊತ್ತಿಗೆ ತಪ್ಪನ್ನು ಬಹಳ ಇಳಿಸಿದ್ದವು. ಮನುಷ್ಯರ ಪೂರ್ವಗ್ರಹ ಒಂದು ವರ್ಷದಲ್ಲಿ ಹಾಗೆ ಇಳಿದದ್ದನ್ನು ನೀವು ಕಂಡಿದ್ದೀರಾ?

ನೀಲಿಶಾಯಿ:
ಹೆಸರು ಹೊರಬಂದ ಕಂಪನಿಗಳು ತಿದ್ದಿಕೊಂಡವು, ಹೆಸರು ಹೊರಬರದವುಗಳಲ್ಲಿ ಅದೇ ಮರುಪರೀಕ್ಷೆಯಲ್ಲೂ ತಪ್ಪು ಎದ್ದು ಕಾಣುತ್ತಿತ್ತು. ಅಂದರೆ ತಿದ್ದಿದ್ದು ಯಂತ್ರದ ಗುಣವಲ್ಲ, ಮಾನಕ್ಕೆ ಅಂಜಿದ ಮನುಷ್ಯರು. ಇನ್ನೊಂದು ಕೇಳುತ್ತೇನೆ: ಮೊದಲ ಸಲ ಬಿಡುಗಡೆ ಮಾಡುವಾಗ ಈ ಪರೀಕ್ಷೆಯನ್ನು ಅವರೇ ಏಕೆ ಮಾಡಿಕೊಂಡಿರಲಿಲ್ಲ?

ಅಡ್ಡಮಾತು:
ಏಕೆಂದರೆ ಕೊಳ್ಳುವವರು ಕೇಳಿರಲಿಲ್ಲ. ದೊಡ್ಡ ತತ್ತ್ವ ಏನೂ ಬೇಡ ಇದಕ್ಕೆ.

ಗುಣಾಕಾರ:
ದತ್ತಾಂಶ ಸೇರಿಸಿದರೆ ಮುಗಿಯಿತು ಎನ್ನುವಂತಿದ್ದರೆ ನನ್ನ ಕಸುಬಿನವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಎರಡು ತೊಡಕುಗಳಿವೆ.

ಏನನ್ನು ಅಳೆಯುತ್ತಿದ್ದೇವೆ ಎಂಬುದು ಮೊದಲನೆಯದು. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚುವರಿ ಆರೈಕೆ ಬೇಕು ಎಂದು ಸೂಚಿಸುವ ತಂತ್ರಾಂಶವೊಂದನ್ನು ಜಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರು 2019ರಲ್ಲಿ ಪರಿಶೀಲಿಸಿದರು. ಅದು ಅನಾರೋಗ್ಯವನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಚಿಕಿತ್ಸೆಗೆ ಮುಂದೆ ಎಷ್ಟು ಹಣ ಖರ್ಚಾಗಬಹುದು ಎಂದು ಊಹಿಸುತ್ತಿತ್ತು. ಆದರೆ ಅಷ್ಟೇ ಕಾಯಿಲೆಯಿರುವ ಕಪ್ಪು ವರ್ಣೀಯ ರೋಗಿಗಳ ಮೇಲೆ ಮೊದಲಿನಿಂದಲೂ ಖರ್ಚಾಗುತ್ತಿದ್ದದ್ದು ಕಡಿಮೆ. ಹಾಗಾಗಿ ಯಂತ್ರ ಅವರನ್ನು ಆರೋಗ್ಯವಂತರ ಸಾಲಿಗೆ ಸೇರಿಸಿತು. ಊಹೆ ಕರಾರುವಾಕ್ಕಾಗಿತ್ತು, ಕೇಳಿದ ಪ್ರಶ್ನೆಯೇ ತಪ್ಪು. ಇದನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ವರ್ಣೀಯರ ಪಾಲು 17.7 ಶೇಕಡಾದಿಂದ 46.5 ಶೇಕಡಾಕ್ಕೆ ಏರುತ್ತದೆ ಎಂದು ಲೆಕ್ಕ ಹಾಕಿದರು. ಇಂಥ ಕಡೆ ಇನ್ನಷ್ಟು ದತ್ತಾಂಶ ಸುರಿದರೆ ಅದೇ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನೊಂದು ತೊಡಕು ಗಣಿತದ್ದು. ಆರೋಪಿ ಮತ್ತೆ ಅಪರಾಧ ಮಾಡುವ ಸಂಭವವನ್ನು ಅಂದಾಜು ಮಾಡುವ ಕಾಂಪಾಸ್ ತಂತ್ರಾಂಶದ ಬಗ್ಗೆ 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ವರದಿ ಮಾಡಿತು: ಮತ್ತೆ ಅಪರಾಧ ಮಾಡದವರಲ್ಲೂ ಕಪ್ಪು ವರ್ಣೀಯರಿಗೆ ‘ಅಪಾಯಕಾರಿ’ ಎಂಬ ಮೊಹರು ಬೀಳುವುದು ಹೆಚ್ಚು. ತಯಾರಕರು ಪ್ರತಿಯಾಗಿ ಹೇಳಿದ್ದು: ನಮ್ಮ ಮೊಹರು ಬಿದ್ದವರಲ್ಲಿ ನಿಜವಾಗಿ ಮತ್ತೆ ಅಪರಾಧ ಮಾಡಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ. ಇಬ್ಬರೂ ಸುಳ್ಳು ಹೇಳಲಿಲ್ಲ. ನಾನೇ ಕಟ್ಟಿದ ಲೆಕ್ಕ ನೋಡಿ. ನೂರು ನೂರು ಜನರ ಎರಡು ಗುಂಪು. ಮೊದಲನೆಯದರಲ್ಲಿ 50 ಜನ ಮತ್ತೆ ಸಿಕ್ಕಿಬೀಳುವವರು, ಎರಡನೆಯದರಲ್ಲಿ 20. ಮೊದಲ ಗುಂಪಿನಲ್ಲಿ 60 ಜನಕ್ಕೆ ಮೊಹರು ಬಿತ್ತು, ಅವರಲ್ಲಿ 36 ಸರಿ, 24 ತಪ್ಪು. ಎರಡನೆಯದರಲ್ಲಿ 20 ಜನಕ್ಕೆ ಬಿತ್ತು, 12 ಸರಿ, 8 ತಪ್ಪು. ಎರಡೂ ಕಡೆ ಮೊಹರು ನೂರಕ್ಕೆ 60ರಷ್ಟು ಸರಿ. ಈಗ ಮತ್ತೆ ಸಿಕ್ಕಿಬೀಳದವರ ಕಡೆಯಿಂದ ನೋಡಿ: ಮೊದಲ ಗುಂಪಿನ 50ರಲ್ಲಿ 24 ಜನಕ್ಕೆ ಸುಳ್ಳು ಮೊಹರು, ಅಂದರೆ 48 ಶೇಕಡಾ. ಎರಡನೆಯದರ 80ರಲ್ಲಿ 8, ಅಂದರೆ 10 ಶೇಕಡಾ. ಗುಂಪುಗಳ ಮೂಲ ಪ್ರಮಾಣ ಬೇರೆ ಇರುವಾಗ, ತಪ್ಪೇ ಮಾಡದ ಯಂತ್ರವನ್ನು ಬಿಟ್ಟರೆ ಇನ್ನಾವುದಕ್ಕೂ ಎಲ್ಲ ಬಗೆಯ ನ್ಯಾಯವನ್ನು ಒಟ್ಟಿಗೆ ಕೊಡಲಾಗದು. ಯಾವ ನ್ಯಾಯ ಬೇಕು ಎಂದು ಯಾರಾದರೂ ಆರಿಸಲೇಬೇಕು. ಆರಿಸಿದವನು ಸಾಮಾನ್ಯವಾಗಿ ಸಭೆಯ ಮುಂದೆ ಬರುವುದಿಲ್ಲ.

ಅದಕ್ಕೂ ಹಿಂದೆ, ‘ಮತ್ತೆ ಅಪರಾಧ’ ಎಂದು ದಾಖಲೆಯಲ್ಲಿರುವುದು ಮತ್ತೆ ಬಂಧನ. ಪೊಲೀಸರು ಎಲ್ಲಿ ಹೆಚ್ಚು ತಿರುಗುತ್ತಾರೋ ಅಲ್ಲಿ ಬಂಧನ ಹೆಚ್ಚು.

ಸೊನ್ನೆಒಂದು:
ಈ ಲೆಕ್ಕ ಮನುಷ್ಯ ನ್ಯಾಯಾಧೀಶನಿಗೂ ಅನ್ವಯಿಸುತ್ತದೆ ಎಂಬುದನ್ನು ಸೇರಿಸಿ. ಅವನೂ ಎರಡನ್ನೂ ಒಟ್ಟಿಗೆ ಕೊಡಲಾರ. ಯಂತ್ರ ಬಂದದ್ದರಿಂದ ನಮಗೆ ಲೆಕ್ಕ ಕಂಡಿತು.

ಗುಣಾಕಾರ:
ಸೇರಿಸಿದೆ. ನೂರಕ್ಕೆ ನೂರು ನಿಜ.

ಕಾನೂನುಕಟ್ಟೆ:
ವಕೀಲನಾಗಿ ನನಗೆ ಯಂತ್ರದ ತಪ್ಪಿಗಿಂತ ದೊಡ್ಡದಾಗಿ ಕಾಣುವುದು ಯಂತ್ರದ ಮೇಲಿನ ಭಕ್ತಿ. ಬ್ರಿಟನ್ನಿನ ಅಂಚೆ ಸಂಸ್ಥೆ 1999ರಿಂದ ತನ್ನ ಶಾಖೆಗಳಿಗೆ ಹೊರೈಜನ್ ಎಂಬ ಲೆಕ್ಕಪತ್ರದ ವ್ಯವಸ್ಥೆಯನ್ನು ತಂದಿತು. ತಯಾರಕರು ಫುಜಿತ್ಸು. ಶಾಖೆ ನಡೆಸುವವರ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸತೊಡಗಿತು. ಸಹಾಯವಾಣಿಗೆ ಕರೆ ಮಾಡಿದವರಿಗೆ ‘ಈ ತೊಂದರೆ ನಿಮಗೊಬ್ಬರಿಗೇ’ ಎಂಬ ಉತ್ತರ ಸಿಗುತ್ತಿತ್ತು. ಕೈಯಿಂದ ಹಣ ಕಟ್ಟಿದವರು, ಮನೆ ಕಳೆದುಕೊಂಡವರು, ಜೈಲಿಗೆ ಹೋದವರು, ಜೀವ ಕಳೆದುಕೊಂಡವರೂ ಇದ್ದಾರೆ. ಎಲ್ಲ ಸೇರಿ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ವ್ಯವಸ್ಥೆಯಲ್ಲಿ ದೋಷಗಳಿದ್ದವು ಎಂದು ಹೈಕೋರ್ಟು ಹೇಳಿದ್ದು 2019ರ ಡಿಸೆಂಬರಿನಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದುಗೊಳಿಸಲು ಸಂಸತ್ತು 2024ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು.

ಅಲ್ಲಿಯ ಕಾನೂನಿನ ಒಂದು ಸಂಗತಿ ಕೇಳಿ. ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕು ಎಂಬ ನಿಯಮ ಮೊದಲು ಇತ್ತು. 1999ರಲ್ಲಿ ಅದನ್ನು ತೆಗೆದರು. ಅಲ್ಲಿಂದ ಮುಂದೆ ಯಂತ್ರ ಸರಿ ಎಂದೇ ನ್ಯಾಯಾಲಯದ ಪೂರ್ವಭಾವನೆ. ತಪ್ಪಿದೆ ಎನ್ನುವವರು ಅನುಮಾನಕ್ಕೆ ಆಧಾರ ತೋರಿಸಬೇಕು. ತಂತ್ರಾಂಶದ ಒಳಗೆ ಇಣುಕಲೂ ಅವಕಾಶವಿಲ್ಲದ ಅಂಚೆ ಶಾಖೆಯವಳು ಎಲ್ಲಿಂದ ಆಧಾರ ತರಬೇಕಿತ್ತು? ಸೊನ್ನೆಒಂದು ಅವರು ಯಂತ್ರ ಲೆಕ್ಕ ಒಪ್ಪಿಸುತ್ತದೆ ಎಂದರು. ಯಾರಿಗೆ ಒಪ್ಪಿಸುತ್ತದೆ?

ಹಳೇಸ್ಪ್ಯಾನರ್:
ಶಭಾಷ್. ನಮ್ಮ ಕಾಲದಲ್ಲಿ ಪೈಲಟ್ ತಪ್ಪು ಎನ್ನುತ್ತಿದ್ದರು, ಇವರು ಕಳ್ಳರು ಎಂದರು. ಬೈಗುಳ ಬದಲಾಗಿದೆ ಅಷ್ಟೇ.

ಸೊನ್ನೆಒಂದು:
ಯಾರಿಗೆ ಎಂಬ ಪ್ರಶ್ನೆ ಸರಿಯಾದ ಜಾಗಕ್ಕೇ ತಗುಲಿತು. ನನ್ನ ಉತ್ತರ ಹೀಗಿದೆ: ಒಳಗೆ ಇಣುಕುವ ಹಕ್ಕನ್ನು ಕಾನೂನು ಕೊಟ್ಟರೆ ಒಪ್ಪಿಸುತ್ತದೆ. ಅದು ಇಲ್ಲದಿದ್ದರೆ ನನ್ನ ವಾದದ ಅರ್ಧ ಭಾಗ ಬಿದ್ದುಹೋಗುತ್ತದೆ.

ನಮ್ಮ ವೃತ್ತಿಯಲ್ಲಿ ಹೊಸಬರಿಗೆ ಹೇಳಿಕೊಡುವ ಪ್ರಕರಣ ಥೆರಾಕ್-25. ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವ ಕೆನಡಾದ ಯಂತ್ರ. 1985ರಿಂದ 1987ರ ನಡುವೆ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ಬಿದ್ದು ಕೆಲವರು ಸತ್ತರು. ಆಪರೇಟರ್ ಕಿರಣದ ಬಗೆಯನ್ನು ತಪ್ಪಾಗಿ ಒತ್ತಿ, ಮೇಲಕ್ಕೆ ಹೋಗಿ ಬೇಗನೆ ತಿದ್ದಿ, ಕೆಳಗೆ ಬಂದರೆ ಪರದೆ ತಿದ್ದಿದ್ದನ್ನು ತೋರಿಸುತ್ತಿತ್ತು. ಯಂತ್ರದೊಳಗಿನ ಜೋಡಣೆ ಮಾತ್ರ ಹಳೆಯದಕ್ಕೂ ಹೊಸದಕ್ಕೂ ನಡುವೆ ಸಿಕ್ಕಿಕೊಂಡಿರುತ್ತಿತ್ತು. ಕೈ ಪಳಗಿ ವೇಗವಾಗಿ ಟೈಪ್ ಮಾಡುವವರ ಕೈಯಲ್ಲೇ ಇದು ಆಗುತ್ತಿದ್ದದ್ದು. ಪರದೆಯ ಮೇಲೆ ಬರುತ್ತಿದ್ದ ಎಚ್ಚರಿಕೆ ‘ಮಾಲ್‌ಫಂಕ್ಷನ್ 54’. ಅದರ ಅರ್ಥವೇನೆಂದು ಆಪರೇಟರ್‌ನ ಕೈಪಿಡಿಯಲ್ಲಿ ಇರಲಿಲ್ಲ. ಇಂಥ ಸೂಚನೆಗಳು ದಿನಕ್ಕೆ ಎಷ್ಟೋ ಬರುತ್ತಿದ್ದುದರಿಂದ ‘ಪಿ’ ಒತ್ತಿ ಮುಂದುವರಿಯುವುದು ರೂಢಿಯಾಗಿತ್ತು.

ನನ್ನನ್ನು ಕಾಡುವುದು ಬೇರೆ. ಇದಕ್ಕೂ ಹಿಂದಿನ ಥೆರಾಕ್-20ರಲ್ಲೂ ಇಂಥದೇ ದೋಷವಿತ್ತು. ಅಲ್ಲಿ ತಂತ್ರಾಂಶ ಎಡವಿದಾಗ ಪ್ರತ್ಯೇಕ ವಿದ್ಯುತ್ ಕಾವಲು ಕಿರಣವನ್ನು ತಡೆಯುತ್ತಿತ್ತು, ಫ್ಯೂಸ್ ಹೋಗುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. 25ರಲ್ಲಿ ಆ ಕಾವಲನ್ನು ತೆಗೆದು ತಂತ್ರಾಂಶವನ್ನೇ ನಂಬಿದರು.

ಅಡ್ಡಮಾತು:
ಎಲ್ಲರೂ ಸೇರಿ ಎಲ್ಲಿಗೆ ಬರುತ್ತಿದ್ದೀರಿ? ಯಂತ್ರದ ಪಕ್ಕ ಒಬ್ಬ ಮನುಷ್ಯನನ್ನು ಕೂರಿಸಬೇಕು ಎಂದೇ? ಅವನೂ ತಪ್ಪು ಮಾಡುವವನೇ ಎಂದು ಈಗ ತಾನೇ ಇಷ್ಟುದ್ದ ಬರೆದಿರಿ.

ರಾತ್ರಿಪಾಳಿ:
ಆ ಮನುಷ್ಯನ ಕುರ್ಚಿಯಲ್ಲಿ ಕೂರುವವಳು ನಾನೇ ಅಲ್ಲವೇ, ಹೇಳುತ್ತೇನೆ. ಮಾನಿಟರ್‌ಗಳು ರಾತ್ರಿಯಿಡೀ ಕೂಗುತ್ತವೆ. ಬಹುಪಾಲು ಸುಳ್ಳು ಕೂಗು. ರೋಗಿ ಮಗ್ಗುಲು ಬದಲಿಸಿದರೂ ಕೂಗು. ಮೊದಮೊದಲು ಓಡುತ್ತೇವೆ, ಆಮೇಲೆ ನಡೆಯುತ್ತೇವೆ, ಕೊನೆಗೆ ದೂರದಿಂದ ನೋಡುತ್ತೇವೆ. ‘ಪಿ’ ಒತ್ತಿದ ಆ ಆಪರೇಟರ್‌ಗಳನ್ನು ನಾನಂತೂ ಬೈಯಲಾರೆ. ಪಕ್ಕದಲ್ಲಿ ಮನುಷ್ಯರಿದ್ದಾರೆ ಎನ್ನುವುದು ಬಹಳ ಸಲ ಹೊಣೆ ಹೊರಿಸಲು ಸಿಕ್ಕ ಅನುಕೂಲ. ಸಮಯ, ಅಧಿಕಾರ, ಎರಡನೆಯ ಅಳತೆ ಇವು ಮೂರೂ ಇದ್ದರೆ ಮಾತ್ರ ನಮ್ಮಿಂದ ಉಪಯೋಗ.

ಕಾನೂನುಕಟ್ಟೆ:
ಎರಡನೆಯ ಅಳತೆ ಎಂದಿರಲ್ಲ, ಅದನ್ನೇ ನೆನಪಿಡಿ. ಬೋಯಿಂಗ್ ಕಂಪನಿಯ 737 ಮ್ಯಾಕ್ಸ್ ವಿಮಾನದ ಮೂತಿಯನ್ನು ತಾನಾಗಿ ಕೆಳಕ್ಕೆ ಒತ್ತುತ್ತಿದ್ದ ವ್ಯವಸ್ಥೆ ಒಂದು ಸಲಕ್ಕೆ ಒಂದೇ ಸೆನ್ಸರಿನ ಮಾತು ಕೇಳುತ್ತಿತ್ತು. ವಿಮಾನದಲ್ಲಿ ಅಂಥವು ಎರಡಿದ್ದವು. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್, ಎರಡು ಅಪಘಾತ, 346 ಜೀವ. ಆಗಲೂ ಮೊದಲು ಕೇಳಿಬಂದದ್ದು ಪೈಲಟ್‌ಗಳ ಸಾಮರ್ಥ್ಯದ ಮಾತೇ.

ಹಳೇಸ್ಪ್ಯಾನರ್:
ಇದರ ಬಗ್ಗೆ ನಾನು ಬರೆಯತೊಡಗಿದರೆ ರಕ್ತದೊತ್ತಡ ಏರುತ್ತದೆ, ಬಿಡಿ.

ನೀಲಿಶಾಯಿ:
ಸೊನ್ನೆಒಂದು ಅವರೇ, ನಿಮ್ಮ ಕೈಯಲ್ಲೇ ಇರುವ ಕೆಲಸದ ಬಗ್ಗೆ ಕೇಳುತ್ತೇನೆ. ಈ ಆಕ್ಸಿಮೀಟರಿನ ಪರದೆಯನ್ನು ನೀವು ಬರೆಯುವುದಾದರೆ ಏನು ಬದಲಿಸುತ್ತೀರಿ?

ಸೊನ್ನೆಒಂದು:
ಚರ್ಮದ ಬಣ್ಣದ ತೊಂದರೆಯನ್ನು ಪರದೆಯಲ್ಲಿ ನೀಗಿಸಲಾಗದು, ಅದು ಬೆಳಕು ಮತ್ತು ಹದಗೊಳಿಸುವವರ ಕೆಲಸ. ಆದರೆ ಒಂದು ಇದೆ. ಈ ಉಪಕರಣಗಳ ನಿಖರತೆ ಸಾಮಾನ್ಯವಾಗಿ 2ರಿಂದ 3 ಅಂಶದಷ್ಟು ಎಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಪರದೆ ಮಾತ್ರ 94 ಎಂದು ಒಂದೇ ಅಂಕಿ ತೋರಿಸುತ್ತದೆ. ನಾನಾದರೆ ‘91ರಿಂದ 97’ ಎಂದು ತೋರಿಸುತ್ತಿದ್ದೆ.

ಗುಣಾಕಾರ:
ಅದೂ ಮೂರರಲ್ಲಿ ಎರಡು ಬಾರಿ ಮಾತ್ರ ನಿಜವಾಗುವ ವ್ಯಾಪ್ತಿ. ಇಪ್ಪತ್ತರಲ್ಲಿ ಹತ್ತೊಂಬತ್ತು ಬಾರಿ ನಿಜವಾಗಬೇಕಾದರೆ 88ರಿಂದ 100 ಎಂದು ಬರೆಯಬೇಕು.

ಅಡ್ಡಮಾತು:
88ರಿಂದ 100! ಅಂಥ ಯಂತ್ರವನ್ನು ಯಾರು ಕೊಳ್ಳುತ್ತಾರೆ?

ಸೊನ್ನೆಒಂದು:
ಕಷ್ಟವೇ. ಪಕ್ಕದ ಕಂಪನಿಯದು ಒಂದೇ ಅಂಕಿ ತೋರಿಸುತ್ತಿದ್ದರೆ ಅದೇ ಹೆಚ್ಚು ನಿಖರವೆಂದು ಕಾಣುತ್ತದೆ. ವೈದ್ಯರೂ ಗೊಣಗುತ್ತಾರೆ.

ರಾತ್ರಿಪಾಳಿ:
ಗೊಣಗಲಿ. 94 ಎಂದು ನೋಡಿದರೆ ‘ಬೆಳಿಗ್ಗೆ ನೋಡೋಣ’ ಎನ್ನುತ್ತಾರೆ. 88ರಿಂದ 100 ಎಂದು ನೋಡಿದರೆ ಗೊಣಗಿಕೊಂಡೇ ರಕ್ತ ಕಳಿಸಲು ಹೇಳುತ್ತಾರೆ. ನನಗೆ ಬೇಕಾದದ್ದು ಅಷ್ಟೇ.